ಕಪ್ಪೆಗಳ ತಲೆಯೆಣಿಕೆ ಮತ್ತು ತಾಯಿತಂದೆಗಳ ಎಣಿಕೆ
(ಉಪನ್ಯಾಸದ ಲಿಖಿತ ರೂಪ)



ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ನಾವುಂದದ ಬೈಲುಗದ್ದೆಗಳಲ್ಲಿ ನಿಂತವರಿಗೆ, ಕಪ್ಪೆಗಳಿಗೆ ಕೊರತೆಯಿದೆ ಎಂದರೆ ನಗು ಬಂದೀತು. ಹಳದಿ ಬಣ್ಣ ತಳೆದ ಗಂಡು ಗದ್ದೆಗಪ್ಪೆಗಳು ನೀಲಿ ಗಂಟಲಚೀಲಗಳನ್ನು ಉಬ್ಬಿಸಿ ಬೆಳಗಿನವರೆಗೂ ಕೂಗುತ್ತವೆ. ಆದರೆ ಕೂಗಿದ ಗಂಡುಗಳೆಲ್ಲಕ್ಕೂ ಜೋಡಿ ದೊರೆಯುವುದಿಲ್ಲ; ಮೊಟ್ಟೆಯಿಟ್ಟ ಹೆಣ್ಣುಗಳೆಲ್ಲದರ ಸಂತಾನವೂ ಉಳಿಯುವುದಿಲ್ಲ. ಮುಂದಿನ ತಲೆಮಾರಿಗೆ ನಿಜವಾಗಿ ತಾಯಿತಂದೆಗಳಾದವು ಎಷ್ಟು ಎಂಬ ಲೆಕ್ಕವೇ ಬೇರೆ. ಸಿವಾಲ್ ರೈಟ್ 1931ರಲ್ಲಿ ವಿವರಿಸಿದ ಈ ಲೆಕ್ಕವನ್ನು ‘ಪರಿಣಾಮಕಾರಿ ಸಂಖ್ಯೆ’ ಎನ್ನಬಹುದು.

ದನ ಸಾಕಿದವರಿಗೆ ಇದು ಹೊಸತಲ್ಲ. ಊರಿನಲ್ಲಿ ನೂರು ಹಸುಗಳಿದ್ದು ಹೋರಿ ಒಂದೇ ಆದರೆ ಕರುಗಳೆಲ್ಲ ಒಂದೇ ತಂದೆಯ ಮಕ್ಕಳು. ರೈಟ್ ಸೂತ್ರದಂತೆ ಆ 101 ದನಗಳ ಪರಿಣಾಮಕಾರಿ ಸಂಖ್ಯೆ ಸುಮಾರು 4.

ಕೆರೆ, ಮದಗಗಳಲ್ಲಿ ಸಂತಾನ ಬೆಳೆಸುವ ಉಭಯವಾಸಿಗಳಿಗೆ ಇನ್ನೊಂದು ಕಷ್ಟವಿದೆ. ಮಳೆ ನಡುವೆ ಕೈಕೊಟ್ಟು, ಗೊದಮೊಟ್ಟೆಗಳಿಗೆ ಕಾಲು ಮೂಡುವ ಮುನ್ನವೇ ನೀರು ಇಂಗಿದರೆ ಆ ವರ್ಷದ ಸಂತಾನವೆಲ್ಲ ಒಣಗಿಹೋಗುತ್ತದೆ. ಒಂದು ತಲೆಮಾರಿನಲ್ಲಿ 1000 ತಾಯಿತಂದೆಗಳು, ಮುಂದಿನದರಲ್ಲಿ 10, ಮತ್ತೆ 1000 ಎಂದಿಟ್ಟುಕೊಳ್ಳಿ. ಸಾಮಾನ್ಯ ಸರಾಸರಿ 670. ಪರಿಣಾಮಕಾರಿ ಸಂಖ್ಯೆ ಮಾತ್ರ 30ನ್ನೂ ಮುಟ್ಟದು. ಒಂದು ಕೆಟ್ಟ ತಲೆಮಾರಿನ ನಷ್ಟವನ್ನು ಎರಡು ಒಳ್ಳೆಯ ತಲೆಮಾರುಗಳು ತುಂಬಿಕೊಡಲಾರವು. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು. ಅದರಿಂದ ಕಪ್ಪೆಯ ತಲೆ ಉಳಿದೀತು, ಮದಗ ಉಳಿಯದು.

ಇದನ್ನು ಅಳೆಯುವುದು ಹೇಗೆ? ಗೊದಮೊಟ್ಟೆಯ ಬಾಲದ ತುದಿಯ ಚೂರು ಸಾಕು, ಅದು ಮತ್ತೆ ಬೆಳೆಯುತ್ತದೆ. ಆ ಚೂರಿನ ಡಿಎನ್‌ಎಯಲ್ಲಿ ಮೈಕ್ರೋಸ್ಯಾಟಲೈಟ್ ಎಂಬ ಗುರುತುಗಳನ್ನು ಓದಲಾಗುತ್ತದೆ. ಮದುವೆಮನೆಯ ನೆಂಟರೆಲ್ಲ ಎರಡೇ ಮನೆಯವರಾದರೆ, ಗುಂಗುರು ಕೂದಲಿದ್ದವರಿಗೇ ಚಪ್ಪಟೆ ಮೂಗೂ ಇರುವುದು ಕಾಣುತ್ತದೆ; ಹತ್ತೂರಿನವರು ಸೇರಿದ್ದರೆ ಅಂಥ ಜೊತೆ ಕಾಣದು. ಹಾಗೆಯೇ ಸಂಬಂಧವಿಲ್ಲದ ಎರಡು ಗುರುತುಗಳು ಎಷ್ಟು ಸಲ ಒಟ್ಟಿಗೆ ಬರುತ್ತವೆ ಎಂಬುದರಿಂದ ಹೆತ್ತವರ ಸಂಖ್ಯೆಯನ್ನು ಅಂದಾಜಿಸುತ್ತಾರೆ. ಹಲವು ವರ್ಷಗಳ ಅಂತರದಲ್ಲಿ ಎರಡು ಬಾರಿ ಮಾದರಿ ತೆಗೆದು, ಗುರುತುಗಳ ಪ್ರಮಾಣ ಎಷ್ಟು ಹೊಯ್ದಾಡಿತೆಂದು ನೋಡುವ ಕ್ರಮವೂ ಉಂಟು.

ಇಲ್ಲಿ ಎಚ್ಚರ ಬೇಕು. ಮದಗದ ಒಂದೇ ಮೂಲೆಯಿಂದ ಐವತ್ತು ಗೊದಮೊಟ್ಟೆ ಹಿಡಿದರೆ ಅವು ಒಂದೇ ತಾಯಿಯವಾಗಿ, ಅಂದಾಜು ಸುಳ್ಳಾಗಿ ಇಳಿಯುತ್ತದೆ. ಒಂದೇ ವರ್ಷದ ಮರಿಗಳಿಂದ ಸಿಗುವುದು ಆ ವರ್ಷ ಹೆತ್ತವರ ಲೆಕ್ಕವೇ ಹೊರತು ಇಡೀ ತಲೆಮಾರಿನದಲ್ಲ.

ಸಂಖ್ಯೆ 25 ಆದರೆ ಪ್ರತಿ ತಲೆಮಾರಿಗೆ ಶೇ. 2ರಷ್ಟು ಆನುವಂಶಿಕ ವೈವಿಧ್ಯ ಸೋರಿಹೋಗುತ್ತದೆ. ಹತ್ತು ತಲೆಮಾರಿಗೆ ಸುಮಾರು ಶೇ. 18. ಕುನ್ಮಿಂಗ್‌–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು (2022) ಸಂಖ್ಯೆ 500ನ್ನು ಮೀರಿದ ಗುಂಪುಗಳೆಷ್ಟು ಎಂಬುದನ್ನೇ ಅಳತೆಗೋಲಾಗಿಸಿದೆ. ಡಿಎನ್‌ಎ ಮಾಹಿತಿಯಿಲ್ಲದೆಡೆ ವಯಸ್ಕ ಜೀವಿಗಳ ಹತ್ತರಲ್ಲೊಂದು ಭಾಗವನ್ನು ಸ್ಥೂಲವಾಗಿ ಹಿಡಿಯುತ್ತಾರೆ.

ದಕ್ಷಿಣದ ಮಣಿಪಾಲದ ಸುತ್ತಲಿನ ಮುರಕಲ್ಲು ಪ್ರದೇಶದಲ್ಲಿ ಕಂಡ ಪುಟ್ಟ ಕಪ್ಪೆಯೊಂದನ್ನು ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮತ್ತು ಸಂಗಡಿಗರು 2016ರಲ್ಲಿ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಹೆಸರಿಸಿದರು. ಉದ್ದ ಸುಮಾರು 1.6 ಸೆಂಟಿಮೀಟರ್, ಕೂಗು ಜೀರುಂಡೆಯಂತೆ. ಆಗ ತಿಳಿದಿದ್ದ ಅದರ ನೆಲೆ 150 ಚದರ ಕಿಲೋಮೀಟರಿಗೂ ಕಡಿಮೆ. ಸರ್ಕಾರಿ ಕಡತದಲ್ಲಿ ‘ಪಾಳು’ ಎನಿಸಿಕೊಳ್ಳುವಂಥ ಪಾದೆಗಳ ಮಳೆಗುಂಡಿಗಳೇ ಅದರ ತೊಟ್ಟಿಲು.

ನಾವುಂದದಲ್ಲಿ ಸಾಲ್ಬುಡ, ಬಡಾಕೆರೆಗಳ ತಗ್ಗು ಸೌಪರ್ಣಿಕಾ ನೆರೆಯಲ್ಲಿ ಮುಳುಗುತ್ತದೆ. ಮನುಷ್ಯರಿಗೆ ಸಂಕಟವಾದ ಅದೇ ನೀರು ಗದ್ದೆಯ ಕಪ್ಪೆಗಳನ್ನು ಬೆರೆಸಲೂಬಹುದು. ಹೆದ್ದಾರಿ 66ರ ಚತುಷ್ಪಥ ಅವುಗಳನ್ನು ಬೇರ್ಪಡಿಸುತ್ತದೆ. ನಡುವಿನ ಒಂದು ಮದಗವನ್ನು ಮುಚ್ಚಿದರೆ ಅದರ ಕಪ್ಪೆಗಳಷ್ಟೇ ಹೋಗುವುದಿಲ್ಲ, ಆಚೀಚೆಯ ಎರಡು ಮದಗಗಳ ನೆಂಟಸ್ತನವೂ ಕಡಿಯುತ್ತದೆ.

ಮಾದರಿ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಿದ್ಯಾರ್ಥಿಗಳು ಆ ಕೆಲಸಕ್ಕೆ ತಾವಾಗಿ ಕೈಹಾಕಬಾರದು. ಆದರೆ ಯಾವ ಮದಗ ಯಾವ ತಾರೀಖಿಗೆ ತುಂಬಿತು, ಯಾವಾಗ ಬತ್ತಿತು, ಆಗ ಗೊದಮೊಟ್ಟೆಗಳಿಗೆ ಕಾಲು ಮೂಡಿತ್ತೇ ಎಂದು ಶಾಲೆಯ ಪುಸ್ತಕವೊಂದರಲ್ಲಿ ವರ್ಷವರ್ಷವೂ ಬರೆದಿಡಲು ಯಾರ ಅನುಮತಿಯೂ ಬೇಡ. ಮುಂದೆ ಡಿಎನ್‌ಎ ಓದುವವರು ಮೊದಲು ಕೇಳುವುದು ಆ ಪುಸ್ತಕವನ್ನೇ.