ಅರ್ಜಿ ಹಿಡಿದ ಮಾಜಿ ಅಧ್ಯಕ್ಷ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಿಂಬರಹ ಎಂಬುದೊಂದಿದೆ. ಕೊಟ್ಟ ಅರ್ಜಿಯನ್ನು ಪುರಸ್ಕರಿಸಲು ಆಗದಿದ್ದರೆ, ಯಾವ ಕಾರಣಕ್ಕೆ ಆಗದು ಎಂದು ಅರ್ಜಿದಾರರಿಗೆ ಬರೆದು ಕೊಡುವ ಕಾಗದ ಅದು. ಕೈಗೆ ಬಂದಾಗ ಬೇಸರವಾಗುವುದು ನಿಜ. ಆದರೆ ನಮ್ಮ ಅರ್ಜಿಯನ್ನು ಯಾರೋ ತೆರೆದು ಓದಿದ್ದಾರೆ ಎಂಬುದಕ್ಕೂ ಅದೇ ಪುರಾವೆ. ಕೇಳಿಸಿಕೊಂಡು ಇಲ್ಲ ಎನ್ನುವುದು ಒಂದು, ಕೇಳಿಸಿಕೊಳ್ಳುವುದೇ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ತೀರ್ಮಾನ, ಎರಡನೆಯದು ಅವಮಾನ. ಈ ಎರಡರ ನಡುವಿನ ಅಂತರಕ್ಕಾಗಿ ತಮ್ಮ ಇಳಿವಯಸ್ಸಿನ ಎಂಟು ವರ್ಷಗಳನ್ನು ಜಗಳದಲ್ಲೇ ಕಳೆದ ಒಬ್ಬರು ಅಮೆರಿಕದಲ್ಲಿದ್ದರು. ಆ ದೇಶದ ಆರನೆಯ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್.

1767ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಅವರಿಗೆ ಅಧಿಕಾರದ ಮನೆ ಹೊಸದಲ್ಲ. ತಂದೆ ಜಾನ್ ಆಡಮ್ಸ್ ಎರಡನೆಯ ಅಧ್ಯಕ್ಷರು. ಮಗ ಹತ್ತನೆಯ ವಯಸ್ಸಿಗೆ ತಂದೆಯ ಜೊತೆ ಹಡಗು ಹತ್ತಿ ಯುರೋಪಿಗೆ ಹೋದರು, ಹದಿನಾಲ್ಕಕ್ಕೆ ರಷ್ಯಾದ ರಾಜಧಾನಿಗೆ ಹೊರಟ ರಾಯಭಾರಿಯೊಬ್ಬರ ಕಾರ್ಯದರ್ಶಿಯಾದರು. ಮುಂದೆ ತಾವೇ ರಾಯಭಾರಿ, ಆಮೇಲೆ ವಿದೇಶಾಂಗ ಕಾರ್ಯದರ್ಶಿ, 1825ರಲ್ಲಿ ಅಧ್ಯಕ್ಷ. ಆ ಗೆಲುವಿಗೂ ಒಂದು ಕಲೆ ಅಂಟಿತ್ತು. 1824ರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್‌ಗೆ 99 ಚುನಾಯಕರ ಮತ ಬಿದ್ದರೆ ಇವರಿಗೆ ಬಿದ್ದದ್ದು 84. ಯಾರಿಗೂ ಬಹುಮತ ಬಾರದೆ ತೀರ್ಮಾನ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ಬೆಂಬಲ ಕೊಟ್ಟ ಹೆನ್ರಿ ಕ್ಲೇ ಕೆಲವೇ ದಿನಗಳಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿ ನೇಮಕಗೊಂಡರು. ಒಳಒಪ್ಪಂದ ಎಂದು ಜನ ಆಡಿಕೊಂಡರು, ಆ ಮಾತು ನಾಲ್ಕು ವರ್ಷವೂ ಅಡಗಲಿಲ್ಲ. ರಾಷ್ಟ್ರೀಯ ವಿಶ್ವವಿದ್ಯಾಲಯ, ಖಗೋಳ ವೀಕ್ಷಣಾಲಯ, ರಸ್ತೆ, ಕಾಲುವೆ ಎಂದು ಅವರು ಮುಂದಿಟ್ಟ ಯೋಜನೆಗಳಲ್ಲಿ ಹೆಚ್ಚಿನವು ನಗೆಪಾಟಲಿಗೆ ಈಡಾದವು. 1828ರಲ್ಲಿ ಜಾಕ್ಸನ್ ಎದುರು ಸೋತರು. ಗೆದ್ದವರ ಪ್ರಮಾಣವಚನಕ್ಕೂ ಹೋಗಲಿಲ್ಲ. ಅದು ದೊಡ್ಡತನವೇನಲ್ಲ, ಬರೀ ಸಿಟ್ಟು.

ಕತೆ ಅಲ್ಲಿಗೆ ಮುಗಿದಿದ್ದರೆ ಅವರನ್ನು ಇಂದು ನೆನೆಯಬೇಕಾದ ಕಾರಣವೇ ಇರುತ್ತಿರಲಿಲ್ಲ. 1830ರಲ್ಲಿ ಪ್ಲಿಮತ್ ಕ್ಷೇತ್ರದವರು ಪ್ರತಿನಿಧಿ ಸಭೆಗೆ ನಿಲ್ಲುವಿರಾ ಎಂದು ಕೇಳಿದರು. ದೇಶ ಆಳಿದವರು ಕೆಳಮನೆಯ ಸಾಮಾನ್ಯ ಸದಸ್ಯರಾಗುವುದು ಮರ್ಯಾದೆಗೆ ಕಡಿಮೆಯಲ್ಲವೇ ಎಂಬ ಅಳುಕು ಕೇಳುವವರಿಗೇ ಇತ್ತು. ಜನ ಆರಿಸಿದರೆ ಮಾಜಿ ಅಧ್ಯಕ್ಷ ತನ್ನೂರಿನ ಪಂಚಾಯ್ತಿ ಕೆಲಸಕ್ಕೆ ಕೂತರೂ ಕೀಳಾಗುವುದಿಲ್ಲ ಎಂಬ ಅರ್ಥದ ಉತ್ತರ ಅವರಿಂದ ಬಂತು. ಗೆದ್ದ ಮೇಲೆ, ಅಧ್ಯಕ್ಷನಾದಾಗ ಇದರ ಅರ್ಧದಷ್ಟೂ ಸಂತೋಷವಾಗಿರಲಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡರು. ವಯಸ್ಸಾದ ಮೇಲೆ ಎಲ್ಲ ಬಿಟ್ಟು ಹೊರಡುವ ವಾನಪ್ರಸ್ಥವೇ ಮೇಲೆಂದು ಕೇಳುತ್ತ ಬೆಳೆದ ನಮಗೆ ಇದು ಪದವಿಯ ಆಸೆಯಂತೆ ಕಂಡೀತು. ಆಸೆ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಅವರು ಬಹಳ ಮಹತ್ವಾಕಾಂಕ್ಷಿ. ಆದರೆ ಆ ಆಸೆ ಅವರನ್ನು ಎಂಥ ಕೆಲಸಕ್ಕೆ ಹಚ್ಚಿತು ಎಂಬುದನ್ನು ನೋಡಬೇಕು.

ಆ ಕಾಲಕ್ಕೆ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ದೇಶದ ಮೂಲೆಮೂಲೆಯಿಂದ ಅರ್ಜಿಗಳು ಬರುತ್ತಿದ್ದವು. ಕುಂದುಕೊರತೆ ಸರಿಪಡಿಸಿ ಎಂದು ಸರ್ಕಾರವನ್ನು ಕೇಳುವ ಹಕ್ಕನ್ನು 1791ರ ಮೊದಲ ತಿದ್ದುಪಡಿಯೇ ಜನರಿಗೆ ಕೊಟ್ಟಿತ್ತು. ಕಾಂಗ್ರೆಸ್ಸಿನ ನೇರ ಆಡಳಿತದಲ್ಲಿದ್ದ ರಾಜಧಾನಿ ವಾಷಿಂಗ್ಟನ್ನಿನಲ್ಲಾದರೂ ಗುಲಾಮಗಿರಿ ನಿಲ್ಲಿಸಿ ಎಂಬ ಅರ್ಜಿಗಳು 1830ರ ದಶಕದಲ್ಲಿ ರಾಶಿರಾಶಿಯಾಗಿ ಬಂದು ಬಿದ್ದವು. ಗುಲಾಮಗಿರಿ ನಡೆಯುತ್ತಿದ್ದ ದಕ್ಷಿಣದ ರಾಜ್ಯಗಳ ಸದಸ್ಯರಿಗೆ ಆ ಕಾಗದಗಳನ್ನು ಕಂಡರೇ ಉರಿ. 1836ರ ಮೇ 26ರಂದು ಸಭೆ 117ಕ್ಕೆ 68 ಮತಗಳಿಂದ ಒಂದು ನಿರ್ಣಯ ಮಾಡಿತು: ಗುಲಾಮಗಿರಿಗೆ ಸಂಬಂಧಪಟ್ಟ ಯಾವ ಅರ್ಜಿ ಬಂದರೂ ಅದನ್ನು ಅಚ್ಚು ಹಾಕಿಸುವಂತಿಲ್ಲ, ಸಮಿತಿಗೆ ಕಳಿಸುವಂತಿಲ್ಲ, ಮೇಜಿನ ಮೇಲಿಟ್ಟು ಅಲ್ಲಿಗೇ ಬಿಡಬೇಕು. ಬಾಯಿಗೆ ಬಟ್ಟೆ ತುರುಕುವ ನಿಯಮ ಎಂದೇ ಅದಕ್ಕೆ ಹೆಸರು ಬಿತ್ತು. ಮತ ಹಾಕಲು ತಮ್ಮ ಹೆಸರು ಕರೆದಾಗ ಆಡಮ್ಸ್ ಎದ್ದು ನಿಂತು, ಇದು ಸಂವಿಧಾನಕ್ಕೂ ಸಭೆಯ ನಿಯಮಕ್ಕೂ ನನ್ನನ್ನು ಕಳಿಸಿದ ಜನರ ಹಕ್ಕಿಗೂ ವಿರುದ್ಧ ಎಂದು ಗದ್ದಲದ ನಡುವೆಯೇ ಕೂಗಿ ಹೇಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಅರ್ಜಿಗಳು ಕೇಳುತ್ತಿದ್ದುದನ್ನು ಆಡಮ್ಸ್ ಆಗ ಒಪ್ಪಿದ್ದವರೇ ಅಲ್ಲ. 1831ರಲ್ಲಿ ಪೆನ್ಸಿಲ್ವೇನಿಯಾದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ 15 ಅರ್ಜಿಗಳನ್ನು ಸಭೆಯ ಮುಂದಿಟ್ಟಾಗಲೇ, ರಾಜಧಾನಿಯಲ್ಲಿ ಗುಲಾಮಗಿರಿ ರದ್ದಾಗಬೇಕೆಂಬ ಬೇಡಿಕೆಗೆ ನನ್ನ ಬೆಂಬಲವಿಲ್ಲ ಎಂದು ಹೇಳಿಬಿಟ್ಟಿದ್ದರು. ಹಾಗಾದರೆ ತಂದದ್ದೇಕೆ? ತಮ್ಮ ಕೈಗೆ ಬಂದ ಅಹವಾಲನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸುವುದು ತಮ್ಮ ಕೆಲಸ, ಅದರ ಮೇಲಿನ ಅಭಿಪ್ರಾಯ ಆಮೇಲಿನ ಮಾತು ಎಂಬುದು ಅವರ ನಿಲುವು. 1837ರ ಫೆಬ್ರವರಿಯಲ್ಲಿ ಒಂದು ಕಾಗದ ಹಿಡಿದು ಎದ್ದರು. ಇದು 22 ಮಂದಿ ಗುಲಾಮರದ್ದು ಎನ್ನುವ ಅರ್ಜಿ, ಇದಕ್ಕೂ ಆ ನಿಯಮ ಅನ್ವಯಿಸುತ್ತದೆಯೇ ಎಂದು ಸಭಾಧ್ಯಕ್ಷರನ್ನು ಕೇಳಿದರು. ಗುಲಾಮರು ಅರ್ಜಿ ಕೊಡುವುದೆಂದರೇನು! ಸಭೆ ಕೆಂಡವಾಯಿತು, ಆಡಮ್ಸ್‌ಗೆ ಛೀಮಾರಿ ಹಾಕಬೇಕೆಂಬ ಸೂಚನೆಗಳು ಒಂದರ ಹಿಂದೊಂದು ಬಂದವು. ಎಲ್ಲರೂ ಕೂಗಾಡಿ ದಣಿಯುವ ಹೊತ್ತಿಗೆ ಅವರು ತಿಳಿಸಿದರು: ಈ ಅರ್ಜಿ ಗುಲಾಮಗಿರಿ ರದ್ದು ಮಾಡಿ ಎಂದು ಕೇಳುತ್ತಿಲ್ಲ, ಅದಕ್ಕೆ ತದ್ವಿರುದ್ಧವಾದುದನ್ನು ಕೇಳುತ್ತಿದೆ. ಓದದೆಯೇ ಸಿಟ್ಟಾದವರ ಮುಖ ಹೇಗಾಗಿತ್ತೋ. ಓದಬಾರದೆಂಬ ನಿಯಮದ ಹುಳುಕನ್ನು ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ತೋರಿಸಲಾರದು.

ಇದೆಲ್ಲ ಸೋಲಿನ ಸೇಡು, ತಮ್ಮನ್ನು ಇಳಿಸಿದ ದಕ್ಷಿಣದವರ ಮೇಲಿನ ಹಗೆ ಎಂದು ಆಗಲೇ ಹೇಳಿದವರಿದ್ದರು. ಹಗೆ ಇತ್ತು, ಮಾತಿನಲ್ಲಿ ವಿಷವೂ ಇತ್ತು. ಆದರೆ ಸೇಡಿನಿಂದ ಎಲ್ಲವೂ ವಿವರಣೆಗೆ ಸಿಗುವುದಿಲ್ಲ. 1842ರ ಜನವರಿಯಲ್ಲಿ, ತಮ್ಮನ್ನು ವಿದೇಶಾಂಗ ಸಮಿತಿಯ ಅಧ್ಯಕ್ಷ ಸ್ಥಾನದಿಂದ ಕಿತ್ತುಹಾಕಬೇಕೆಂದು ಜಾರ್ಜಿಯಾದಿಂದ ಬಂದಿದ್ದ ಅರ್ಜಿಯನ್ನು ಅವರೇ ಸಭೆಯ ಮುಂದಿಟ್ಟರು. ಅದಾದ ಕೆಲವೇ ದಿನಗಳಲ್ಲಿ, ಒಕ್ಕೂಟವನ್ನು ಶಾಂತಿಯಿಂದ ವಿಸರ್ಜಿಸಿಬಿಡಿ ಎಂದು ಮ್ಯಾಸಚೂಸೆಟ್ಸ್‌ನ ಹೇವರ್‌ಹಿಲ್ ಊರಿನವರು ಬರೆದ ಅರ್ಜಿಯನ್ನೂ ತಂದರು. ಒಕ್ಕೂಟಕ್ಕಾಗಿಯೇ ಬದುಕು ಸವೆಸಿದವರಿಗೆ ಅದು ಅಪ್ರಿಯವಾದ ಅರ್ಜಿ. ಆದ್ದರಿಂದ, ಇದನ್ನು ಏಕೆ ಒಪ್ಪಬಾರದು ಎಂದು ಕಾರಣ ಕೊಟ್ಟು ಉತ್ತರಿಸಲು ಸಮಿತಿಗೆ ಕಳಿಸಿ ಎಂದು ಸೂಚಿಸಿದರು. ಅಂದರೆ, ಹಿಂಬರಹ ಕೊಡಿ ಎಂದರು. ವಿರೋಧಿಗಳಿಗೆ ಅಷ್ಟೇ ಸಾಕಾಯಿತು. ದೇಶದ್ರೋಹಕ್ಕೆ ಕೈಜೋಡಿಸಿದ್ದಾರೆಂದು ಛೀಮಾರಿಯ ವಿಚಾರಣೆ ಶುರುವಾಯಿತು. ಮೊದಲ ಉತ್ತರವಾಗಿ ಆಡಮ್ಸ್, ಸ್ವಾತಂತ್ರ್ಯ ಘೋಷಣೆಯ ಮೊದಲ ಭಾಗವನ್ನು ಓದಿ ಎಂದು ಗುಮಾಸ್ತರಿಗೆ ಹೇಳಿದರು. ಸುಮಾರು ಎರಡು ವಾರ ಎಪ್ಪತ್ತನಾಲ್ಕರ ಆ ಮುದುಕರು ಒಬ್ಬರೇ ನಿಂತು ವಾದಿಸಿದರು. ಫೆಬ್ರವರಿ 7ರಂದು 106ಕ್ಕೆ 93 ಮತಗಳಿಂದ ಸಭೆ ಆ ವಿಚಾರವನ್ನೇ ಕೈಬಿಟ್ಟಿತು.

ಇನ್ನೊಂದು ಆಕ್ಷೇಪಣೆ ಹೆಚ್ಚು ವ್ಯಾವಹಾರಿಕವಾದದ್ದು. ಸಾವಿರಾರು ಅರ್ಜಿಗಳನ್ನು ಓದುತ್ತ ಕೂತರೆ ಸಭೆ ಬೇರೆ ಕೆಲಸ ಮಾಡುವುದು ಯಾವಾಗ? ಹೇಗೂ ಬಹುಮತ ಒಪ್ಪದ ಬೇಡಿಕೆ, ಓದಿ ಏನು ಬಂತು? ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನಡೆದದ್ದು ಬೇರೆ. ನಿಯಮ ಬಂದ ಮೇಲೆ ಅರ್ಜಿಗಳು ಹಲವು ಪಟ್ಟು ಹೆಚ್ಚಿದವು. ಗುಲಾಮಗಿರಿಯ ಗೊಡವೆಯೇ ಬೇಡವೆಂದಿದ್ದವರೂ ತಮ್ಮ ಹಕ್ಕಿಗೇ ಕುತ್ತು ಬಂತೆಂದು ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಹೆಂಗಸರು ಬಹಳ. ಅವರಿಗೆ ಆಗ ಮತವಿಲ್ಲ, ಅರ್ಜಿಯೊಂದೇ ಅವರ ದನಿ. ಹೆಂಗಸರ ಜಾಗ ಮನೆ, ರಾಜಕೀಯವಲ್ಲ ಎಂದು ಮೇರಿಲ್ಯಾಂಡಿನ ಸದಸ್ಯರೊಬ್ಬರು ಹೇಳಿದ್ದಕ್ಕೆ ಆಡಮ್ಸ್ 1838ರಲ್ಲಿ ಬೈಬಲ್ಲಿನ ಎಸ್ತರ್, ಡೆಬೋರಾರಿಂದ ಹಿಡಿದು ಉದಾಹರಣೆಗಳನ್ನು ಸುರಿದರು. ಇಲ್ಲ ಎಂದು ಕಾರಣ ಕೊಟ್ಟಿದ್ದರೆ ಒಂದು ಚರ್ಚೆಯಲ್ಲಿ ಮುಗಿಯಬಹುದಾಗಿದ್ದುದು, ಕೇಳುವುದಿಲ್ಲ ಎಂದದ್ದಕ್ಕೆ ಎಂಟು ವರ್ಷ ನಡೆಯಿತು.

ಅದೇ ವರ್ಷಗಳಲ್ಲಿ ಅವರಿಗೆ ಇನ್ನೊಂದು ಅಹವಾಲು ಬಂತು. ಮೆಂಡೆ ನಾಡಿನಿಂದ ಕದ್ದು ತಂದಿದ್ದ ಆಫ್ರಿಕನ್ನರು 1839ರಲ್ಲಿ ಆಮಿಸ್ಟಾಡ್ ಎಂಬ ಹಡಗಿನಲ್ಲಿ ದಂಗೆಯೆದ್ದು, ಕೊನೆಗೆ ಅಮೆರಿಕದ ಸೆರೆಮನೆ ಸೇರಿದ್ದರು. ಅಲ್ಲಿ ಇಂಗ್ಲಿಷ್ ಕಲಿತ ಕಾಲೆ ಎಂಬ ಹುಡುಗ 1841ರ ಜನವರಿಯಲ್ಲಿ ಆಡಮ್ಸ್‌ಗೆ ಕಾಗದ ಬರೆದ. ನಾವು ಮಾಡಿದ ತಪ್ಪೇನು ಎಂದು ಕೋರ್ಟನ್ನು ಕೇಳಿ ಎಂದ. ಅಮೆರಿಕದ ಮಾತು ಬಾರದ ನಾವು ದಡ್ಡರೆನ್ನುತ್ತಾರೆ, ಹಾಗಿದ್ದರೆ ಮೆಂಡೆ ಮಾತು ಬಾರದ ಅಮೆರಿಕದವರೂ ದಡ್ಡರೇ ಎಂದೂ ಕೇಳಿದ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದವನ್ನೇ ಮಾಡಿರದ ಆಡಮ್ಸ್ ಫೆಬ್ರವರಿ 24ರಂದು ಅಲ್ಲಿ ನಾಲ್ಕೂವರೆ ಗಂಟೆ ಮಾತಾಡಿದರು. ಕಂಬಕ್ಕೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಗೆ ಕೈ ತೋರಿಸಿ, ಇವರ ಪಾಲಿಗೆ ಇದೇ ಕಾನೂನು ಎಂಬಂತೆ ವಾದಿಸಿದರು. ನ್ಯಾಯಾಧೀಶರಲ್ಲಿ ಹೆಚ್ಚಿನವರು ದಕ್ಷಿಣದವರು. ಆದರೂ ಮಾರ್ಚ್ 9ರಂದು ಬಿಡುಗಡೆಯ ತೀರ್ಪು ಬಂತು. ಬದುಕುಳಿದ 35 ಮಂದಿ ಆ ವರ್ಷದ ಕೊನೆಯಲ್ಲಿ ತಮ್ಮ ನಾಡಿನತ್ತ ಹಡಗು ಹತ್ತಿದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. 1820ರಲ್ಲಿ ಮಿಸೌರಿಯನ್ನು ಗುಲಾಮಗಿರಿಯ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಬೇಕೇ ಎಂಬ ಪ್ರಶ್ನೆ ಎದ್ದಾಗ ಗುಲಾಮಗಿರಿಯನ್ನು ದಿನಚರಿಯಲ್ಲಿ ಕಟುವಾಗಿ ಖಂಡಿಸಿದವರು ಹೊರಗೆ ಬಾಯಿ ಬಿಡಲಿಲ್ಲ. 1812ರ ಯುದ್ಧದಲ್ಲಿ ಬ್ರಿಟಿಷರೊಡನೆ ಹೊರಟುಹೋದ ಗುಲಾಮರಿಗಾಗಿ ಒಡೆಯರಿಗೆ ಪರಿಹಾರ ಕೊಡಿ ಎಂದು ಬ್ರಿಟನ್ನಿನ ಮೇಲೆ ಒತ್ತಡ ತಂದವರಲ್ಲಿ ಅವರೂ ಒಬ್ಬರು. ಕುರ್ಚಿಯಲ್ಲಿದ್ದಾಗ ಆ ಜನರ ಅಹವಾಲು ಅವರ ಕಿವಿಗೂ ಬೀಳಲಿಲ್ಲ ಎನ್ನಬೇಕು. ತಡವಾಗಿ ತೆರೆದ ಕಿವಿ ಮೊದಲಿನ ಕಿವುಡನ್ನು ಅಳಿಸುವುದಿಲ್ಲ. ಆದರೆ ಅರವತ್ತು ದಾಟಿದ ಮೇಲೆ, ಕಳೆದುಕೊಳ್ಳುವ ಹೆಸರಿದ್ದೂ, ಬದಲಾಗಲು ಒಪ್ಪಿದವರು ಎಷ್ಟು ಜನ ಸಿಗುತ್ತಾರೆ?

ಪ್ರತಿ ಅಧಿವೇಶನದ ಆರಂಭದಲ್ಲೂ ಬಾಯಿಗೆ ಬಟ್ಟೆ ತುರುಕುವ ಆ ನಿಯಮ ತೆಗೆಯಿರಿ ಎಂದು ಅವರು ಕೇಳುತ್ತಲೇ ಹೋದರು. 1844ರ ಡಿಸೆಂಬರ್ 3ರಂದು 108ಕ್ಕೆ 80 ಮತಗಳಿಂದ ಅದು ಬಿದ್ದುಹೋಯಿತು. 1848ರ ಫೆಬ್ರವರಿ 21ರಂದು, ಮೆಕ್ಸಿಕೊ ಯುದ್ಧದ ಸೇನಾನಿಗಳಿಗೆ ಕೃತಜ್ಞತೆ ಸಲ್ಲಿಸುವ ನಿರ್ಣಯಕ್ಕೆ ಇಲ್ಲ ಎಂದು ಗಟ್ಟಿಯಾಗಿ ಹೇಳಿದ ಸ್ವಲ್ಪ ಹೊತ್ತಿಗೆ ಆಡಮ್ಸ್ ತಮ್ಮ ಜಾಗದಲ್ಲೇ ಕುಸಿದರು. ಪಕ್ಕದ ಸಭಾಧ್ಯಕ್ಷರ ಕೋಣೆಗೆ ಎತ್ತಿಕೊಂಡು ಹೋದರು, ಎರಡು ದಿನದ ಮೇಲೆ ಅಲ್ಲೇ ತೀರಿಕೊಂಡರು. ಆ ಸಭಾಂಗಣದಲ್ಲಿ ಈಗ ಶಾಸಕರು ಕೂರುವುದಿಲ್ಲ, ಸಾಲಾಗಿ ಪ್ರತಿಮೆಗಳಿವೆ. ಆಡಮ್ಸ್ ಅವರ ಮೇಜು ಇದ್ದ ಜಾಗವನ್ನು ನೆಲದ ಮೇಲಿನ ಸಣ್ಣದೊಂದು ಲೋಹದ ಫಲಕ ತೋರಿಸುತ್ತದೆ.