ಬೆಂಕಿಪುರದಲ್ಲಿ ಉರಿಯೂತದ ಮಾತು

ಶಿವಮೊಗ್ಗ, ಭದ್ರಾವತಿಯ ಶಾಲೆ ಕಾಲೇಜುಗಳಿಂದ ಈ ವಿಜ್ಞಾನ ಪ್ರದರ್ಶನಕ್ಕೆ ಮಾದರಿಗಳನ್ನು ಹೊತ್ತು ತಂದಿರುವ ಮಕ್ಕಳೇ, ಅವು ಮುರಿಯದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ ಮೇಷ್ಟ್ರುಗಳೇ,

ದೀಪ ಹಚ್ಚುವಾಗ ಬತ್ತಿ ಎರಡು ಸಲ ಆರಿತು. ಫ್ಯಾನ್ ನಿಲ್ಲಿಸಿದ ಮೇಲೆ ಹತ್ತಿಕೊಂಡಿತು. ನಾನು ಇವತ್ತು ಹೇಳಬೇಕೆಂದು ಬಂದಿರುವುದೂ ಹೆಚ್ಚುಕಡಿಮೆ ಇದನ್ನೇ, ಕೊಬ್ಬು ಮತ್ತು ಆಮ್ಲಜನಕ ಒಂದಕ್ಕೊಂದು ಸೇರುವ ಸಂಗತಿಯನ್ನು. ಹಣತೆಯಲ್ಲಿ ಸೇರಿದರೆ ಬೆಳಕು. ಡಬ್ಬಿಯಲ್ಲಿ ಮರೆತಿಟ್ಟ ಕೊಬ್ಬರಿಯಲ್ಲಿ ಸೇರಿದರೆ ಕಮಟು ವಾಸನೆ. ನಮ್ಮ ಬಿಳಿ ರಕ್ತಕಣದೊಳಗೆ ಸೇರಿದರೆ ಅದೊಂದು ಸುದ್ದಿ.

ಸುದ್ದಿ ಎಂದೆ. ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಕೂಗಿ ಕರೆಯಲು ಜೀವಕೋಶಕ್ಕೆ ಬಾಯಿಲ್ಲ. ಅದರ ಮೈಯ ಪೊರೆಯೇ ಕೊಬ್ಬಿನದು. ಆ ಪೊರೆಯಿಂದ ಒಂದು ಎಳೆ ಕತ್ತರಿಸಿಕೊಳ್ಳುತ್ತದೆ. ಇಪ್ಪತ್ತು ಇಂಗಾಲಗಳ ಆ ಎಳೆಗೆ ಅರಾಕಿಡೋನಿಕ್ ಆಮ್ಲ ಎಂದು ಹೆಸರು. ಹೆಸರು ಬಂದದ್ದು ಕಡಲೆಕಾಯಿಯ ಲ್ಯಾಟಿನ್ ಹೆಸರಿನಿಂದ. ತಮಾಷೆಯೆಂದರೆ ಕಡಲೆಕಾಯಿ ಎಣ್ಣೆಯಲ್ಲಿ ಈ ಆಮ್ಲ ಇಲ್ಲ, ಇರುವುದು ಹೆಸರಿನಲ್ಲಿ ಹತ್ತಿರದ ಇನ್ನೊಂದು. ಈ ಎಳೆಯ ಮೇಲೆ ಲೈಪಾಕ್ಸಿಜನೇಸ್ ಎಂಬ ಕಿಣ್ವ ಕೂರುತ್ತದೆ. ಕಮಟು ಹಿಡಿದ ಎಣ್ಣೆಯಲ್ಲಿ ಆಮ್ಲಜನಕ ಸಿಕ್ಕಸಿಕ್ಕಲ್ಲಿ ಅಂಟುತ್ತದೆ. ಕಿಣ್ವ ಹಾಗಲ್ಲ, ಎಣಿಸುತ್ತದೆ. ಒಂದು ಬಗೆಯದು ಐದನೇ ಇಂಗಾಲಕ್ಕೇ ಅಂಟಿಸುತ್ತದೆ, ಇನ್ನೊಂದು ಹನ್ನೆರಡಕ್ಕೆ, ಮತ್ತೊಂದು ಹದಿನೈದಕ್ಕೆ. ಎಲ್ಲಿ ಅಂಟಿತು ಅನ್ನುವುದರ ಮೇಲೆ ಸುದ್ದಿಯ ಅರ್ಥ ಬದಲಾಗುತ್ತದೆ.

ಈ ಕಿಣ್ವದ ನಟ್ಟನಡುವೆ ಏನಿದೆ ಗೊತ್ತೇ? ಕಬ್ಬಿಣ. ಒಂದೇ ಒಂದು ಪರಮಾಣು.

ಭದ್ರಾವತಿಯವರಿಗೆ ಕಬ್ಬಿಣದ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಕೆಮ್ಮಣ್ಣುಗುಂಡಿಯ ಅದಿರಿಗೆ ಮಲೆನಾಡಿನ ಕಾಡಿನ ಇದ್ದಿಲು ಜೊತೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ನಷ್ಟದ ಲೆಕ್ಕ ತೋರಿಸುವವರ ನಡುವೆ ಅದನ್ನು ನಡೆಸಿದರು. ಕುಲುಮೆಯ ಕೆಲಸ ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದು. ಜೀವಕೋಶದಲ್ಲಿ ಕೆಲಸ ತಿರುಗುಮುರುಗು: ಅಲ್ಲಿ ಕಬ್ಬಿಣವೇ ನಿಂತು ಆಮ್ಲಜನಕವನ್ನು ಕೊಬ್ಬಿಗೆ ಸೇರಿಸಲು ದಾರಿ ಮಾಡುತ್ತದೆ, ಅದೂ ಮೈಯ ಬಿಸಿಯಲ್ಲಿ, ಹೊಗೆಯಿಲ್ಲದೆ. ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಮುಳ್ಳು ಚುಚ್ಚಿದಾಗಿನ ಮೈಯ ಪ್ರತಿಕ್ರಿಯೆಯನ್ನು ವೈದ್ಯರು ಕನ್ನಡದಲ್ಲಿ ಉರಿಯೂತ ಎನ್ನುತ್ತಾರೆ. ಉರಿ ಮತ್ತು ಊತ. ಆ ಪದ ಕಟ್ಟಿದವರಿಗೆ ನಮಸ್ಕಾರ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಪುಸ್ತಕದಿಂದಲ್ಲ, ಉಬ್ಬಸದಿಂದ. ನ್ಯೂಟೌನ್‌ನಲ್ಲಿ ಮಳೆಗಾಲ ಶುರುವಾದರೆ ಗೋಡೆಯ ಮೇಲೆ ಬೂಷ್ಟು, ನನ್ನ ಎದೆಯಲ್ಲಿ ಸಿಳ್ಳೆ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತು ಕಾರ್ಖಾನೆಯ ಸೈರನ್ ಕೇಳಿ ಗಂಟೆ ಎಣಿಸುತ್ತಿದ್ದೆ. ಶ್ವಾಸನಾಳವನ್ನು ನಿಧಾನವಾಗಿ, ಬಹಳ ಹೊತ್ತು ಹಿಂಡುವ ವಸ್ತುವೊಂದಿದೆ ಎಂದು 1940ರ ಹೊತ್ತಿಗೇ ಆಸ್ಟ್ರೇಲಿಯಾದ ಸಂಶೋಧಕರು ಕಂಡಿದ್ದರು. ಅದು ಯಾವುದು ಎಂದು ಮಾತ್ರ ಹಿಡಿಯಲಾಗಿರಲಿಲ್ಲ. 1979ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ಜೊತೆಗಾರರು ಹಿಡಿದರು. ಐದನೇ ಇಂಗಾಲಕ್ಕೆ ಆಮ್ಲಜನಕ ಅಂಟಿಸಿಕೊಂಡ ಕೊಬ್ಬಿನಿಂದ ಹುಟ್ಟುವ ಲ್ಯುಕೋಟ್ರಯೀನ್‌ಗಳೇ ಅವು. ಹಿಸ್ಟಮಿನ್‌ಗಿಂತ ನೂರಾರು ಪಟ್ಟು ಬಲವಾಗಿ ಶ್ವಾಸನಾಳವನ್ನು ಬಿಗಿಯುತ್ತವೆ. 1982ರ ನೊಬೆಲ್ ಸ್ಯಾಮ್ಯುಯೆಲ್ಸನ್ ಅವರಿಗೂ ಬಂತು, ಆಸ್ಪಿರಿನ್ ಇದೇ ಎಳೆಯ ಇನ್ನೊಂದು ಕವಲನ್ನು ತಡೆಯುತ್ತದೆ ಎಂದು ತೋರಿಸಿದ ಜಾನ್ ವೇನ್ ಅವರಿಗೂ. ಇವತ್ತು ಉಬ್ಬಸದ ಮಕ್ಕಳಿಗೆ ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಲ್ಯುಕೋಟ್ರಯೀನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ನನ್ನ ಕಾಲಕ್ಕೆ ಇದ್ದದ್ದು ಅಜ್ಜಿಯ ಮೆಣಸಿನ ಕಷಾಯ.

ಹಾಗಾದರೆ ಈ ಕಿಣ್ವಗಳು ಕಿಡಿಗೇಡಿಗಳೇ? ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ತಪ್ಪು. ಬೆಂಕಿ ಹಚ್ಚುವವರು, ಆರಿಸುವವರು ಎಂದು ಮೈಯಲ್ಲಿ ಬೇರೆ ಬೇರೆ ಜನ ಇಲ್ಲ. 1984ರಲ್ಲಿ ಚಾರ್ಲ್ಸ್ ಸೆರ್ಹಾನ್ ಮತ್ತು ಸ್ಯಾಮ್ಯುಯೆಲ್ಸನ್ ತಂಡ ಲೈಪಾಕ್ಸಿನ್‌ಗಳನ್ನು ವರದಿ ಮಾಡಿತು. ಎರಡು ಬಗೆಯ ಲೈಪಾಕ್ಸಿಜನೇಸ್‌ಗಳು ಒಂದೇ ಎಳೆಯ ಮೇಲೆ ಒಂದಾದ ಮೇಲೊಂದು ಕೂತರೆ ಹುಟ್ಟುವ ಸುದ್ದಿ ಅದು. ಅದರ ಅರ್ಥ: ಸಾಕು, ಇನ್ನು ಬರಬೇಡಿ. ಇಲ್ಲಿಯವರಿಗೆ ಪಾಳಿಯ ಲೆಕ್ಕ ಗೊತ್ತು. ಮೊದಲ ಪಾಳಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸುತ್ತದೆ, ಎರಡನೆಯದು ಬರುವವರನ್ನು ತಡೆದು, ಸತ್ತವುಗಳನ್ನು ಗುಡಿಸಲು ಮ್ಯಾಕ್ರೋಫೇಜ್ ಎಂಬ ಕಣಗಳನ್ನು ಹಚ್ಚುತ್ತದೆ. ಆಸ್ಪಿರಿನ್ ತಡೆಯುವ ಆ ಇನ್ನೊಂದು ಕವಲಿನ, ಊತ ಏರಿಸುವ ಪ್ರೋಸ್ಟಗ್ಲಾಂಡಿನ್‌ಗಳೇ ಎರಡನೇ ಪಾಳಿಗೆ ಗಂಟೆ ಬಾರಿಸುತ್ತವೆ ಎಂದು 2001ರಲ್ಲಿ ಇದೇ ಸೆರ್ಹಾನ್ ಗುಂಪು ತೋರಿಸಿತು. ವಾಸಿಯಾಗದ ಊತವೆಂದರೆ ಕಾರ್ಖಾನೆ ಕೆಟ್ಟಿತು ಎಂದೇ ಅಲ್ಲ, ಎಷ್ಟೋ ಸಲ ಪಾಳಿ ಬದಲಾಗಲಿಲ್ಲ ಎಂದು.

ಈ ಗುಟ್ಟು ನಮಗಿಂತ ಮೊದಲು ತಿಳಿದುಕೊಂಡದ್ದು ಉಣುಗು. ನಗಬೇಡಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗು ಹರಡುವ ಮಂಗನ ಕಾಯಿಲೆ ಗುರುತಿಗೆ ಬಂದಂದಿನಿಂದ ನಮ್ಮ ಜಿಲ್ಲೆಗೆ ಈ ಹುಳು ಹೊಸದಲ್ಲ. ಉಣುಗು ಕಚ್ಚಿ ದಿನಗಟ್ಟಲೆ ರಕ್ತ ಹೀರುತ್ತದೆ, ಆದರೂ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ. ಹಲವು ಜಾತಿಯ ಉಣುಗುಗಳ ಜೊಲ್ಲಿನಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ಧಾರಾಳವಾಗಿದೆ. ಅದು ರಕ್ತನಾಳವನ್ನು ಅಗಲಿಸುತ್ತದೆ, ಕಾವಲಿನ ಕಣಗಳನ್ನು ಮಂಕುಮಾಡುತ್ತದೆ. ನಮ್ಮದೇ ಭಾಷೆಯಲ್ಲಿ ಬರೆದ ಸುಳ್ಳು ಸುದ್ದಿ! ಕಾಡಿಗೆ ದರಗು ತರಲು ಹೋಗುವವರು ಮೈಗೆ ಉಣುಗು ತಡೆಯುವ ತೈಲ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಎನ್ನುವುದನ್ನು ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಈ ಕೊಬ್ಬಿನ ಸುದ್ದಿಗಳ ಮೇಲೆ ಕೆಲಸ ನಡೆದಿದೆ. ಬಿನಾ ಜೋ ಮತ್ತು ಬಿ.ಆರ್. ಲೋಕೇಶ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರಿಸಿನದ ಕರ್ಕ್ಯುಮಿನ್ ಮತ್ತು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸೇರಿಸಿದಾಗ ಇಲಿಯ ಮ್ಯಾಕ್ರೋಫೇಜ್‌ಗಳು ಲ್ಯುಕೋಟ್ರಯೀನ್, ಪ್ರೋಸ್ಟಗ್ಲಾಂಡಿನ್‌ಗಳನ್ನು ಕಡಿಮೆ ಸ್ರವಿಸಿದವು. ಇಲಿಯ ಕಣಗಳು, ನೆನಪಿರಲಿ. ಮನೆಗೆ ಹೋಗಿ ಹುಳಿಗೆ ಇನ್ನೊಂದು ಚಮಚ ಅರಿಸಿನ ಹಾಕಿ, ಡಾಕ್ಟರ ಮಾತ್ರೆ ಬಿಸಾಡಬೇಡಿ.

ಒಳಗೆ ಒಂದು ಮೇಜಿನ ಮೇಲೆ ಇಬ್ಬರು ಹುಡುಗಿಯರು ಎರಡು ಲೋಟ ಇಟ್ಟುಕೊಂಡು ಕೂತಿದ್ದಾರೆ. ಬರುವಾಗಲೇ ಕದ್ದು ನೋಡಿದೆ. ಒಂದರಲ್ಲಿ ತಣ್ಣೀರಿನಲ್ಲಿ ರುಬ್ಬಿದ ಸೋಯಾ, ಇನ್ನೊಂದರಲ್ಲಿ ಕುದಿನೀರಿನಲ್ಲಿ ರುಬ್ಬಿದ್ದು. ಮೊದಲನೆಯದರ ಹಸಿಕಾಳಿನ ವಾಸನೆ ಲೈಪಾಕ್ಸಿಜನೇಸ್‌ನ ಕೈಚಳಕ. ಎರಡನೆಯದರಲ್ಲಿ ಕಿಣ್ವ ಬಿಸಿಗೆ ಸತ್ತಿದೆ, ವಾಸನೆಯೂ ತಗ್ಗಿದೆ. ರೋಬೋಟ್, ರಾಕೆಟ್ ಇರುವ ಕಡೆ ಎಲ್ಲರೂ ನುಗ್ಗುತ್ತೀರಿ, ಗೊತ್ತು. ಸ್ವಲ್ಪ ಈ ಮೇಜಿಗೂ ಬನ್ನಿ. ಮೊದಲು ಹಸಿ ಲೋಟ, ಆಮೇಲೆ ಕುದಿಸಿದ ಲೋಟ.

ಪ್ರದರ್ಶನ ಉದ್ಘಾಟನೆಯಾಯಿತು. ಕತ್ತರಿ ಯಾರ ಹತ್ತಿರ ಇದೆ?