ಡ್ರೈವರ್ ಕನ್ನಡಕಕ್ಕೆ ಕಟ್ಟಿದ್ದ ದಾರ

ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದರು, ಯಾರು ಬರಿಗೈಲಿ ವಾಪಸ್ ಬಂದರು ಅನ್ನೋದನ್ನ ನಾಳೆ ನೋಡೋಣ, ಅದೆಲ್ಲೂ ಓಡಿಹೋಗಲ್ಲ. ಇವತ್ತು ಕನ್ನಡಕದ ವಿಷಯ ಮಾತಾಡ್ತೀನಿ. ನಗಬೇಡಿ, ಪೂರ್ತಿ ಕೇಳಿ.

ರಾತ್ರಿ ಬುಲೆಟಿನ್ ಮುಗಿಸಿ ನಾನು ಮನೆಗೆ ಹೊರಡುವಾಗ ಹನ್ನೊಂದೂವರೆ ಆಗಿರುತ್ತೆ. ಆಫೀಸಿನ ಕ್ಯಾಬ್. ಡ್ರೈವರ್ ಶಿರಾ ಕಡೆಯವರು, ವಯಸ್ಸು 46, ಗಾಡಿ ಮೇಲೆ ಮಗುವಿನ ಹಾಗೆ ಪ್ರೀತಿ. ಮೂರು ವಾರದ ಹಿಂದೆ ತುಮಕೂರು ರಸ್ತೆಯಲ್ಲಿ, ಗೊರಗುಂಟೆಪಾಳ್ಯದ ಹತ್ತಿರ ಪೊಲೀಸರು ಬ್ಯಾರಿಕೇಡ್ ಇಟ್ಟಿದ್ದರು. ನನಗೆ ಅದು ದೂರದಿಂದಲೇ ಕಾಣ್ತಿತ್ತು. ಇವರು ಬ್ರೇಕ್ ಹಾಕಿದ್ದು ಅದು ಹತ್ತು ಅಡಿಗೆ ಬಂದ ಮೇಲೆ. ನನ್ನ ಫೋನ್ ಮುಂದಿನ ಸೀಟಿನ ಕೆಳಗೆ ಹೋಯ್ತು, ಜೀವ ಬಾಯಿಗೆ ಬಂತು.

"ಏನ್ರೀ, ಕಾಣಲಿಲ್ವಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಡ್ಯಾಶ್‌ಬೋರ್ಡ್ ತೆಗೆದು ಕನ್ನಡಕ ತೋರಿಸಿದರು. ಒಂದು ಕಡೆಯ ಕಡ್ಡಿ ಮುರಿದಿದೆ, ಅದಕ್ಕೆ ಹೊಲಿಗೆ ದಾರ ಸುತ್ತಿದ್ದಾರೆ. "ಹಾಕ್ಕೊಂಡ್ರೆ ಜಾರುತ್ತೆ ಸಾರ್, ಅದಕ್ಕೆ ತೆಗೆದಿಟ್ಟಿದ್ದೀನಿ." ಎಷ್ಟು ದಿನದಿಂದ? ನಾಲ್ಕು ತಿಂಗಳು! ಅಂಗಡಿಗೆ ಹೋಗಿದ್ದರಂತೆ. ಕಣ್ಣು ಪರೀಕ್ಷೆ ಮಾಡಿ, ಚೀಟಿ ಬರೆದು, 8,900 ರೂಪಾಯಿ ಹೇಳಿದರಂತೆ. ಮಗಳ ಕಾಲೇಜು ಫೀಸು ಕಟ್ಟಿದ ತಿಂಗಳು ಅದು. ಚೀಟಿ ಜೇಬಿಗಿಟ್ಟುಕೊಂಡು ಬಂದುಬಿಟ್ಟಿದ್ದಾರೆ.

ಚೀಟಿ ನೋಡಿದೆ. ಎರಡೂ ಕಣ್ಣಿಗೆ ಮೈನಸ್ 2.25. ಅಂದರೆ ಏನು ಗೊತ್ತಾ? ಕನ್ನಡಕ ಇಲ್ಲದಿದ್ದರೆ ಸುಮಾರು ಒಂದೂವರೆ ಅಡಿ ಆಚೆಗೆ ಇರೋದೆಲ್ಲ ಮಬ್ಬು. ಆ ಕಣ್ಣಿನಲ್ಲಿ ಈ ಮನುಷ್ಯ ನಾಲ್ಕು ತಿಂಗಳು ನನ್ನನ್ನ ಮನೆಗೆ ಬಿಟ್ಟಿದ್ದಾರೆ. ಡ್ರೈವಿಂಗ್ ಲೈಸೆನ್ಸ್‌ಗೆ ಕೊಡುವ ಮೆಡಿಕಲ್ ಸರ್ಟಿಫಿಕೇಟ್ ಇದೆಯಲ್ಲ, ಫಾರಂ 1ಎ, ಅದರಲ್ಲೇ ಒಂದು ಪ್ರಶ್ನೆ ಇದೆ: ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ? ನೀವೂ ನಾಳೆ ಬೆಳಗ್ಗೆ ಮನೆ ಮುಂದೆ ನಿಂತು ಓದಿ ನೋಡಿ. ಕೆಲವರಿಗೆ ಶಾಕ್ ಕಾದಿದೆ.

ಸರಿ, 8,900 ಯಾಕೆ ಆಯ್ತು? ಕೊಟೇಶನ್ ಬಿಡಿಸಿ ನೋಡಿದೆ. ಮೊದಲನೆಯದು ಪ್ರೋಗ್ರೆಸಿವ್ ಲೆನ್ಸ್, ಅಂದರೆ ದೂರಕ್ಕೂ ಓದೋದಕ್ಕೂ ಒಂದೇ. ನಲವತ್ತು ದಾಟಿದ್ದಾರೆ, ಓದೋಕೆ ಕಷ್ಟ ಆಗುತ್ತೆ ಅನ್ನೋ ಲೆಕ್ಕ. ಅರೆ, ಮೈನಸ್ 2.25 ಇರುವವರು ಕನ್ನಡಕ ತೆಗೆದರೆ ಪೇಪರ್ ಆರಾಮಾಗಿ ಓದ್ತಾರೆ ಸ್ವಾಮಿ! ಅದು ಆ ಪವರ್‌ಗೆ ದೇವರು ಕೊಟ್ಟ ರಿಯಾಯಿತಿ. ದಿನವಿಡೀ ರಸ್ತೆ ನೋಡುವ ಇವರಿಗೆ ದೂರದ ಲೆನ್ಸ್ ಸಾಕು. ಎರಡನೆಯದು 1.67 ಇಂಡೆಕ್ಸ್ ಅನ್ನುವ ತೆಳು ಲೆನ್ಸ್. ಐದು, ಆರು ಪವರ್ ಇದ್ದವರ ಗಾಜು ಸೋಡಾ ಬಾಟಲಿ ತಳದ ಹಾಗೆ ಕಾಣಬಾರದು ಅಂತ ಇರೋದು ಅದು. ಎರಡೂಕಾಲಿಗೆ 1.50ರ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ನಡೆಯುತ್ತೆ. ಮೂರನೆಯದು ಬ್ಲೂ ಕಟ್. ಮೊಬೈಲ್ ಬೆಳಕಿನಿಂದ ಕಣ್ಣು ಕಾಪಾಡುತ್ತೆ ಅಂತ ಎಲ್ಲರ ತಲೆಗೂ ತುಂಬಿರುವ ಮಾಲು. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಕಂಪ್ಯೂಟರ್ ನೋಡಿ ಆಗುವ ಕಣ್ಣಿನ ದಣಿವಿಗೆ, ಅಲ್ಪಾವಧಿಯಲ್ಲಿ, ಇದರಿಂದ ವ್ಯತ್ಯಾಸ ಆಗದೇ ಇರಬಹುದು ಅನ್ನುವುದೇ ಅವರಿಗೆ ಸಿಕ್ಕ ಉತ್ತರ.

ಆದರೆ ಒಂದಕ್ಕೆ ಮಾತ್ರ ದುಡ್ಡು ಕೊಡಿ ಅಂತೀನಿ. ಪ್ರತಿಫಲನ ತಡೆಯುವ ಕೋಟಿಂಗ್. ಅದು ಇಲ್ಲದೇ ನಾನು ಸ್ಟುಡಿಯೋದಲ್ಲಿ ಕೂತರೆ ನನ್ನ ಕಣ್ಣಿನ ಜಾಗದಲ್ಲಿ ನಿಮಗೆ ಎರಡು ಟ್ಯೂಬ್‌ಲೈಟ್ ಕಾಣುತ್ತೆ. ರಾತ್ರಿ ಗಾಡಿ ಓಡಿಸುವವರಿಗೂ ಹೆಡ್‌ಲೈಟ್ ಬೆಳಕು ಲೆನ್ಸ್ ಮೇಲೆ ಕುಣಿಯೋದು ಇದರಿಂದ ಕಡಿಮೆ ಆಗುತ್ತೆ.

ಆ ರಾತ್ರಿನೇ ಆನ್‌ಲೈನ್‌ನಲ್ಲಿ ಹುಡುಕಿದೆ. ಫ್ರೇಮು, ಲೆನ್ಸು, ಕೋಟಿಂಗ್ ಎಲ್ಲ ಸೇರಿ 1,150 ರೂಪಾಯಿ. ದೊಡ್ಡ ಉಪಕಾರ ಮಾಡಿದ ಹುಮ್ಮಸ್ಸಿನಲ್ಲಿ ಆರ್ಡರ್ ಒತ್ತಿಬಿಟ್ಟೆ. ವಾರದ ನಂತರ ಬಂತು. ಅವರು ಹಾಕಿಕೊಂಡು, ಸಂಕೋಚದಿಂದ, "ಸಾರ್, ಚೆನ್ನಾಗಿದೆ... ಮಂಜು ಸ್ವಲ್ಪ ಜಾಸ್ತಿ ಆಗಿದೆ ಅಷ್ಟೇ" ಅಂದರು. ಆರ್ಡರ್ ತೆಗೆದು ನೋಡ್ತೀನಿ, ಮೈನಸ್ ಜಾಗದಲ್ಲಿ ಪ್ಲಸ್ ಒತ್ತಿದ್ದೀನಿ! ಕಂಪನಿಯ ತಪ್ಪಲ್ಲ, ನನ್ನದೇ. ದಿನಾ ಮಂತ್ರಿಗಳ ಒಂದೊಂದು ಅಕ್ಷರ ಹಿಡಿದು ಜಾಡಿಸುವ ನಾನು, ಒಂದು ಚಿಹ್ನೆ ನೋಡಲಿಲ್ಲ. 1,150 ನೀರುಪಾಲು.

ಎರಡನೇ ಸಲ ಹುಷಾರಾದೆ. ಚೀಟಿಯಲ್ಲಿ ಇಲ್ಲದ ಒಂದು ಸಂಖ್ಯೆ ಬೇಕು ಅಂತ ಗೊತ್ತಾಯ್ತು. ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ಲೆನ್ಸಿನ ಮಧ್ಯಬಿಂದು ಪಾಪೆಯ ನೇರಕ್ಕೆ ಕೂರಬೇಕು, ಇಲ್ಲದಿದ್ದರೆ ತಲೆನೋವು, ಕಣ್ಣು ಎಳೆದ ಹಾಗೆ. ಪವರ್ ಜಾಸ್ತಿ ಇದ್ದಷ್ಟೂ ಈ ತಪ್ಪು ದೊಡ್ಡದಾಗುತ್ತೆ. ಪರೀಕ್ಷೆ ಮಾಡುವವರನ್ನೇ ಕೇಳಿ ಬರೆಸಿಕೊಳ್ಳಿ. ಕೊಡದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಗೊಂಡು, ಕನ್ನಡಿಯಿಂದ ಎಂಟು ಇಂಚು ದೂರ ನಿಂತು, ಹುಬ್ಬಿಗೆ ಅಡ್ಡಲಾಗಿ ಹಿಡಿಯಿರಿ. ಬಲಗಣ್ಣು ಮುಚ್ಚಿ, ಸೊನ್ನೆಯನ್ನು ಎಡ ಪಾಪೆಯ ಮಧ್ಯಕ್ಕೆ ತನ್ನಿ. ಸ್ಕೇಲ್ ಅಲ್ಲಾಡಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ, ಬಲ ಪಾಪೆಯ ಮಧ್ಯಕ್ಕೆ ಎಷ್ಟು ಮಿಲಿಮೀಟರ್ ಇದೆಯೋ ಅದೇ ಪಿಡಿ. ಮೂರು ಸಲ ಅಳೆಯಿರಿ. ನಮ್ಮ ಡ್ರೈವರ್‌ಗೆ 64 ಬಂತು. ಫ್ರೇಮಿನ ಸೈಜು? ಅದು ಹಳೇ ಕನ್ನಡಕದ ಕಡ್ಡಿಯ ಒಳಗೇ ಬರೆದಿರುತ್ತೆ: 52, 18, 140 ಅನ್ನೋ ಥರ. ಲೆನ್ಸಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ. ದಾರ ಬಿಚ್ಚಿ ಓದಿದೆವು.

ಇನ್ನೊಂದು ಮಾತು. ಎಲ್ಲರೂ ಆನ್‌ಲೈನ್‌ಗೆ ಓಡಿ ಅಂತ ನಾನು ಹೇಳ್ತಾ ಇಲ್ಲ. ಪ್ರೋಗ್ರೆಸಿವ್ ನಿಜವಾಗಿ ಬೇಕಾದವರು, ದೊಡ್ಡ ಪವರ್‌ನವರು, ಚಿಕ್ಕ ಮಕ್ಕಳು ಅಂಗಡಿಯಲ್ಲೇ ಮುಖಕ್ಕೆ ಇಟ್ಟು ಅಳತೆ ಕೊಡಬೇಕು. ಮತ್ತೆ, ಮೊಬೈಲ್‌ನಲ್ಲಿ ಮಾಡುವ ಪವರ್ ಚೆಕ್ ಕಣ್ಣಿನ ಪರೀಕ್ಷೆ ಅಲ್ಲ. ಗ್ಲಾಕೋಮಾ ಶುರುವಿನಲ್ಲಿ ನೋವೂ ಕೊಡಲ್ಲ, ಸುಳಿವೂ ಕೊಡಲ್ಲ. ಸಕ್ಕರೆ ಕಾಯಿಲೆ ಇದ್ದವರ ರೆಟಿನಾವನ್ನ ಡಾಕ್ಟರೇ ನೋಡಬೇಕು. ಬೆಂಗಳೂರಿನವರಿಗೆ ಮಿಂಟೋ ಇದೆ, ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆ ಇದೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಉಚಿತ ಕನ್ನಡಕವನ್ನೇ ಕೊಡ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನ ಕೇಳಿ. ಅಂಗಡಿಯಲ್ಲಿ ಕೊಂಡರೂ ಬಿಲ್ ನೋಡಿ: ಪವರ್ ಕನ್ನಡಕದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಆ ಲಾಭ ನಿಮಗೆ ಬಂದಿದೆಯಾ?

ಇದು ಬರೀ ಒಬ್ಬ ಡ್ರೈವರ್ ಕಥೆ ಅಂದ್ಕೋಬೇಡಿ. ಅಸ್ಸಾಂನ ಚಹಾ ತೋಟದಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ದೃಷ್ಟಿಯ ಸಾದಾ ಕನ್ನಡಕ ಕೊಟ್ಟು ನೋಡಿದರು. 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಎಲೆ ಕೀಳುವ ಕೆಲಸ ಶೇ 21ಕ್ಕಿಂತ ಹೆಚ್ಚು ಏರಿತ್ತು. ಮೂಲೆ ಅಂಗಡಿಯ ಟೈಲರ್, ಬೀಡಿ ಕಟ್ಟುವ ಅಜ್ಜಿ, ಅಕ್ಕಿ ಆರಿಸುವ ನಿಮ್ಮಮ್ಮ... ಇವರೆಲ್ಲ "ವಯಸ್ಸಾಯ್ತು ಬಿಡಿ" ಅಂತ ಸುಮ್ಮನಾಗಿದ್ದಾರಲ್ಲ, ಅವರ ಕಣ್ಣನ್ನ ನೀವು ಯಾವಾಗ ತೋರಿಸಿದ್ರಿ?

ಎರಡನೇ ಕನ್ನಡಕ ಕಳೆದ ಸೋಮವಾರ ಬಂತು. ಕಿವಿ ಹಿಂದೆ ಸ್ವಲ್ಪ ಒತ್ತುತ್ತಿತ್ತು. ನಮ್ಮ ಬೀದಿಯ ಪುಟ್ಟ ಅಂಗಡಿಯವರು ಕಡ್ಡಿ ಬಿಸಿ ಮಾಡಿ ಬಗ್ಗಿಸಿಕೊಟ್ಟರು. ನಮ್ಮ ಹತ್ತಿರ ಕೊಂಡಿದ್ದಲ್ಲ ಅಂತ ಗೊಣಗಲಿಲ್ಲ, 50 ರೂಪಾಯಿ ತಗೊಂಡರು. ಅವತ್ತು ರಾತ್ರಿ ಯಶವಂತಪುರ ದಾಟುವಾಗ ನಮ್ಮ ಡ್ರೈವರ್ ಇದ್ದಕ್ಕಿದ್ದಂತೆ ಗಾಡಿ ನಿಧಾನ ಮಾಡಿದರು. ಎದುರಿಗೆ ನಮ್ಮ ಚಾನೆಲ್‌ನ ದೊಡ್ಡ ಹೋರ್ಡಿಂಗ್, ಅದರಲ್ಲಿ ನಾನು ಕೋಟ್ ಹಾಕಿ ಕೈ ಕಟ್ಟಿ ನಿಂತಿದ್ದೀನಿ.

"ಸಾರ್, ಇದು ನೀವಾ? ನಾನು ಇಷ್ಟು ದಿನ ಯಾವುದೋ ಗಿರವಿ ಅಂಗಡಿ ಜಾಹೀರಾತು ಅಂದ್ಕೊಂಡಿದ್ದೆ."

ನಾಳೆ ಸಿಗೋಣ. ನಮಸ್ಕಾರ.